ಸಂಕಲ್ಪಕ್ಕೆ ಹೊದಿಸಿದ ಶಾಲು

ಗುರಿ, ಸಂಕಲ್ಪ, ಸಾಧನೆ ಎಂಬ ಮೂರು ಮಾತುಗಳು ಯಾರ ಬಾಯಿಂದ ಬಂದರೂ ಈಗ ನನಗೆ ಮೈ ಉರಿಯುತ್ತದೆ. ಮುಂಚೆ ಹೀಗಿರಲಿಲ್ಲ. ಮುಂಚೆ ಆ ಮಾತುಗಳನ್ನು ದಿನಕ್ಕೆ ಹತ್ತು ಸಲ ಆಡುತ್ತಿದ್ದವನು ನಾನೇ. ಬೀದರದ ಮೈಲೂರಿನಿಂದ ಔರಾದಕ್ಕೆ ದಿನಾಲೂ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತನಿಗೆ ಮೊಬೈಲು ಬಿಟ್ಟರೆ ಬೇರೆ ಗತಿಯಿಲ್ಲ. ಅದರಲ್ಲಿ ಟೈ ಕಟ್ಟಿಕೊಂಡ ಒಬ್ಬ ಮನುಷ್ಯ ಕೈ ಬೀಸುತ್ತ, ‘ನಿಮ್ಮೊಳಗೆ ಒಂದು ಸಿಂಹ ಮಲಗಿದೆ, ಎಬ್ಬಿಸಿ!’ ಎಂದು ಅರಚುತ್ತಿದ್ದ. ನಾನು ಕಿಟಕಿಗೆ ತಲೆ ಆನಿಸಿ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಸಿಂಹವೂ ಮಲಗಿರುತ್ತಿತ್ತು, ನಾನೂ ಮಲಗಿರುತ್ತಿದ್ದೆ. ಔರಾದ ಬಂದಾಗ ಕಂಡಕ್ಟರು ಭುಜ ಹಿಡಿದು ಅಲುಗಿಸಿದರೆ ಇಬ್ಬರೂ ಕಣ್ಣುಜ್ಜಿಕೊಂಡು ಇಳಿಯುತ್ತಿದ್ದೆವು. ಇಂಥ ನೂರಾರು ವಿಡಿಯೋ ನೋಡಿಯೂ ಜೀವನದಲ್ಲಿ ಏನನ್ನೂ ಸಾಧಿಸದೆ ಉಳಿಯುವುದು ಸುಲಭವಲ್ಲ. ನನಗೆ ಅದು ಕರಗತವಾಗಿದೆ.

ನನಗೂ ಒಂದು ಗುರಿಯಿತ್ತು. ಅದನ್ನು ಕೊಟ್ಟವಳು ನಮ್ಮ ಅವ್ವ. ಅವ್ವನಿಗೆ ಎಂಬತ್ತು ದಾಟಿದೆ. ಆಕೆ ಮದುವೆಯಾಗಿ ಜನವಾಡಕ್ಕೆ ಬಂದ ಹೊಸದರಲ್ಲಿ ಅಪ್ಪ ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಎರಡು ವರ್ಷ ಕೆಲಸಕ್ಕಿದ್ದರು. ಅಲ್ಲಿಂದ ಅವ್ವನಿಗೆ ಹನ್ನೊಂದು ಕಾಗದ ಬರೆದರು. ನಿಜಾಮರ ಕಾಲದಲ್ಲಿ ಸಾಲಿ ಕಲಿತವರಾದ್ದರಿಂದ ಅವರಿಗೆ ಬರೆಯಲು ಬರುತ್ತಿದ್ದದ್ದು ಉರ್ದು ಒಂದೇ. ಅವ್ವನಿಗೆ ಉರ್ದು ಮಾತು ತಿಳಿಯುತ್ತಿತ್ತು, ಅಕ್ಷರ ಮಾತ್ರ ಯಾವ ಭಾಷೆಯದೂ ಬರುತ್ತಿರಲಿಲ್ಲ. ಹಾಗಾಗಿ ಕಾಗದ ಬಂದಾಗಲೆಲ್ಲ ಊರಿನ ಲೆಕ್ಕಪತ್ರ ಬರೆಯುವ ಪಟವಾರಿ ಕಾಕಾನನ್ನು ಕರೆಸುತ್ತಿದ್ದರು. ಕಾಕಾ ಕಟ್ಟೆಯ ಮೇಲೆ, ಪಕ್ಕದಲ್ಲಿ ನಮ್ಮ ಅಜ್ಜಿ, ಬಾಗಿಲ ಹಿಂದೆ ಅವ್ವ ಕೂತ ಮೇಲೆ ಆತ ‘ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮ’ ಎಂದು ಗಟ್ಟಿಯಾಗಿ ಶುರು ಮಾಡುತ್ತಿದ್ದ. ಎರಡು ಸಾಲು ಆಗುವಷ್ಟರಲ್ಲಿ ದನಿ ಇಳಿಯುತ್ತಿತ್ತು. ಮೀಸೆ ಅದುರುತ್ತಿತ್ತು. ತನ್ನಷ್ಟಕ್ಕೆ ತಾನು ನಗುತ್ತ ಪುಟ ತಿರುವಿ, ಅಜ್ಜಿಯ ಮುಖ ನೋಡಿ, ಕೆಮ್ಮಿ, ಕಾಗದ ಮಡಚಿಬಿಡುತ್ತಿದ್ದ. “ಎಲ್ಲಾ ಆರಾಮ ಅದ ಅಂತ. ಮುಂದ ಏನಿಲ್ಲ.” ನಾಲ್ಕು ಪುಟದ ಕಾಗದ! ನಾಲ್ಕು ಪುಟ ತುಂಬ ‘ಮುಂದ ಏನಿಲ್ಲ’ ಎಂದು ಯಾವ ಗಂಡ ಬರೆದಾನು? ಆ ಕಾಗದದಲ್ಲಿ ಏನಿದೆ ಎಂದು ಬರೆದವರಿಗೆ ಗೊತ್ತಿತ್ತು, ಓದಿದವನಿಗೆ ಗೊತ್ತಿತ್ತು. ಯಾರಿಗೆ ಬರೆದದ್ದೋ ಆಕೆಗೆ ಮಾತ್ರ ಗೊತ್ತಿರಲಿಲ್ಲ. ಮುಂದೆ ಅಪ್ಪನನ್ನೇ ಕೇಳಿದರೆ, “ಹಳೀದು ಯಾರಿಗಿ ನೆನಪದ?” ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಿದ್ದರು. ಐದು ವರ್ಷದ ಹಿಂದೆ ಪೂರ್ತಿಯಾಗಿಯೇ ಹೋದರು. ಕಾಗದಗಳು ಅವ್ವನ ತಗಡಿನ ಪೆಟ್ಟಿಗೆಯಲ್ಲಿ ಉಳಿದವು.

ಒಂದು ದಿನ ಅವ್ವ ಪೆಟ್ಟಿಗೆ ತೆರೆದು ಕೂತು ನನ್ನನ್ನು ಕರೆದಳು. “ತಮ್ಮಾ, ಒಂದು ಕಿವಿ ಆಗಲೇ ಹೋಗ್ಯಾದ. ಇನ್ನೊಂದು ಹೋಗೋದ್ರಾಗ ಇವು ಒಮ್ಮೆ ಖರೇ ಖರೇ ಕೇಳಬೇಕು ಅಂತ ಆಸಿ ಅದ ನೋಡಪ್ಪ. ನೀ ಕಲ್ತು ಓದಿ ಹೇಳು.” ಉರ್ದು ಬಲ್ಲವರು ಬೀದರದಲ್ಲಿ ಓಣಿಗೆ ನೂರು ಜನ ಇದ್ದಾರೆ, ಯಾರ ಹತ್ತಿರವಾದರೂ ಓದಿಸೋಣ ಎಂದೆ. “ಪರರ ಬಾಯಾಗ ಯಾಕ ಹಾಕ್ಬೇಕು? ಅವರೂ ಅರ್ಧಾ ನುಂಗ್ತಾರ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಂವ, ನೀ ನುಂಗಂಗಿಲ್ಲ” ಎಂದಳು. ಯುಗಾದಿಯ ದಿನ ಅವ್ವನ ಕೈ ಹಿಡಿದು, ದಸರೆಯೊಳಗೆ ಹನ್ನೊಂದೂ ಕಾಗದ ಓದಿ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ಮೇಲೆ ನೇರವಾಗಿ ಕಲಿಯಲು ಕೂರುವುದು ದಡ್ಡರ ಲಕ್ಷಣ. ಗುರಿಯ ಶಾಸ್ತ್ರ ತಿಳಿದವರು ಮೊದಲು ತಯಾರಿ ಮಾಡಿಕೊಳ್ಳಬೇಕು. ನಾನು ಆರು ನೋಟುಬುಕ್ಕು, ಹನ್ನೆರಡು ಪೆನ್ಸಿಲು, ಗೋಡೆಗೆ ತೂಗುಹಾಕುವ ಅಕ್ಷರಗಳ ಪಟ ತಂದೆ. ನೋಟುಬುಕ್ಕುಗಳಿಗೆ ಖಾಕಿ ಹೊದಿಕೆ ಹಾಕಲು ಒಂದು ಭಾನುವಾರ, ಅವುಗಳ ಮೇಲೆ ಹೆಸರು ಬರೆಯಲು ಇನ್ನೊಂದು ಭಾನುವಾರ ಹಿಡಿಯಿತು. ಗುರಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಣ್ಣಿಗೆ ಬೀಳುವ ಕಡೆ ಅಂಟಿಸಿ ಎಂದು ಟೈ ಕಟ್ಟಿದವನು ಹೇಳಿದ್ದ, ಕನ್ನಡಿಗೆ ಅಂಟಿಸಿದೆ. ವಾರದೊಳಗೆ ನನ್ನ ಹೆಂಡತಿ ಮಹಾದೇವಿ ಅದರ ಮೇಲೆ ತನ್ನ ಹಣೆಯ ಟಿಕಳಿ ಅಂಟಿಸತೊಡಗಿದಳು. ದಸರೆಯ ಹೊತ್ತಿಗೆ ಗುರಿ ಕಾಣದೆ ಬರೀ ಟಿಕಳಿಗಳೇ ಕಾಣುತ್ತಿದ್ದವು.

ಗುರುವನ್ನೂ ಗೊತ್ತು ಮಾಡಿದೆ. ನಮ್ಮ ಹಿಂದಿನ ಮನೆಯ ಜುಬೇದಾ ಟೀಚರ್ ಉರ್ದು ಸಾಲಿಯಿಂದ ನಿವೃತ್ತರಾದವರು. ಫೀಸಿನ ಮಾತೆತ್ತಿದರೆ ಸಿಟ್ಟಾಗಿ, ಒಂದು ಕಪ್ಪು ಚಹಾ ಸಾಕು ಎಂದರು. “ಐತವಾರ ಬರ್ತೇನಿ, ನಿಮಗ ಸೂಟಿ ಇರ್ತದಲ್ರಿ?” ಎಂದು ಕೇಳಿದರು. ನಾನು ತಾತ್ಸಾರದಿಂದ ನಕ್ಕೆ. ದಿನಾಲೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕಲಿತರಷ್ಟೇ ಅದು ರೂಢಿಯಾಗುತ್ತದೆ ಎಂದು ಅವರಿಗೇ ಪಾಠ ಹೇಳಿದೆ. ಭಾನುವಾರ ಸೂಟಿ, ಉಳಿದ ದಿನ ಸಂಜೆ ಐದು ಗಂಟೆ, ನಮ್ಮ ಪಡಸಾಲೆ ಎಂದು ನಿಗದಿಯಾಯಿತು. ಹೊತ್ತು ಗಟ್ಟಿಯಾಯಿತು, ಜಾಗ ಗಟ್ಟಿಯಾಯಿತು. ಸಂಜೆ ಐದಕ್ಕೆ ಆ ಜಾಗದಲ್ಲಿ ಕೂರಬೇಕಾದವನು ಔರಾದದ ಕಚೇರಿಯಲ್ಲಿ ಇರುತ್ತಾನೆ ಎಂಬುದೊಂದು ಮಾತ್ರ ಈ ಶಾಸ್ತ್ರದಲ್ಲಿ ಬಿಟ್ಟುಹೋಗಿತ್ತು. ಮೊದಲ ವಾರ ಅರ್ಜಿ ಕೊಟ್ಟು ಮೂರು ದಿನ ಬೇಗ ಬಂದೆ. ಅಲಿಫ್, ಬೇ, ಪೇ ಕಲಿತೆ. ಆಮೇಲೆ ಏಳು ಗಂಟೆಗೆ ಮನೆ ಸೇರಿ, “ಟೀಚರ್ ಬಂದಿದ್ರೇನು?” ಎಂದು ಕೇಳುವುದಷ್ಟೇ ನನ್ನ ಅಭ್ಯಾಸವಾಯಿತು. “ಬಂದಿದ್ರು, ಚಾ ಕುಡದು ಹೋದ್ರು” ಎನ್ನುತ್ತಿದ್ದಳು ಮಹಾದೇವಿ. ನನಗೆ ಸಮಾಧಾನವಾಗುತ್ತಿತ್ತು. ಟೀಚರ್ ಬರುತ್ತಿದ್ದಾರೆ ಎಂದ ಮೇಲೆ ಪಾಠ ಚಾಲ್ತಿಯಲ್ಲಿದೆ ಎಂದೇ ಲೆಕ್ಕ. ನೋಡಿದರೆ ಪೆನ್ಸಿಲುಗಳು ಕೂಡ ಸಣ್ಣಗಾಗುತ್ತಿದ್ದವು. ನನ್ನ ಕೆಲಸ ಹೇಗೋ ಮುಂದೆ ಸಾಗುತ್ತಿದೆ ಎಂದು ಅದಕ್ಕೂ ಸಂತೋಷಪಟ್ಟೆ.

ಇನ್ನು ಕಚೇರಿ. ನಮ್ಮ ಕಡೆ ಸತ್ಕಾರಕ್ಕೆ ಕಾರಣ ಬೇಕಿಲ್ಲ, ಮನುಷ್ಯ ಸಿಕ್ಕರೆ ಸಾಕು. ವರ್ಗವಾಗಿ ಬಂದರೆ ಶಾಲು, ವರ್ಗವಾಗಿ ಹೋದರೆ ಶಾಲು, ಮಗ ಪಾಸಾದರೆ ಶಾಲು, ಜ್ವರ ಬಿಟ್ಟು ಕೆಲಸಕ್ಕೆ ಹಾಜರಾದರೆ ಶಾಲು. ಈ ಇಲಾಖೆಗೆ ನಮ್ಮಲ್ಲಿ ಶಿವರಾಜ ಎಂಬ ಗುಮಾಸ್ತನೇ ಮುಖ್ಯಸ್ಥ. ಅವನ ಮೇಜಿನ ಮೇಲೆ ಫೈಲುಗಳು ಧೂಳು ತಿನ್ನುತ್ತವೆ, ಖಾನೆಯಲ್ಲಿ ಶಾಲುಗಳು ಮಾತ್ರ ಇಸ್ತ್ರಿಯಾಗಿ ತಯಾರಿರುತ್ತವೆ. ನನ್ನ ಸಂಕಲ್ಪ ಕೇಳಿದ್ದೇ ಆತ ಎದ್ದು ನಿಂತ. “ಸರ್ರ, ಈ ವಯಸ್ಸಿನಾಗ ಇಂಥ ಹಿಮ್ಮತ್ ಯಾರಿಗಿ ಬರ್ತದ್ರಿ? ನಾಳಿಗಿ ಸತ್ಕಾರ ಇಟ್ಟೇ ಬಿಡಣ.” ಕಲಿತ ಮೇಲೆ ಮಾಡಿದರಾಯಿತು ಎಂದೆ. ಬಾಯಿ ಮಾತಿಗೆ ಅಂದದ್ದು. “ಕಲ್ತ ಮ್ಯಾಲ ಇನ್ನೊಂದು ಮಾಡಣ ತಗೋರಿ” ಎಂದ. ಮರುದಿನ ಹಾರ, ಶಾಲು, ತೆಂಗಿನಕಾಯಿ. ನಾಲ್ಕು ಜನ ಭಾಷಣ ಮಾಡಿದರು. ಒಬ್ಬರಂತೂ ನನ್ನನ್ನು ‘ಉರ್ದು ಪಂಡಿತರು’ ಎಂದೇ ಕರೆದರು. ನಾನು ತಿದ್ದಲಿಲ್ಲ. ಆ ಸಂಜೆ ಶಾಲು ಹೊದ್ದು ಬಸ್ಸಿನಲ್ಲಿ ಕೂತಾಗ ಏನೋ ಒಂದು ದೊಡ್ಡ ಕೆಲಸ ಮುಗಿಸಿದ ಆಯಾಸವಾಗಿತ್ತು. ಮನುಷ್ಯನ ಮನಸ್ಸು ಇಷ್ಟು ಅಗ್ಗದ್ದು. ಕೆಲಸ ಮಾಡಿದರೂ ಚಪ್ಪಾಳೆ, ಮಾಡುತ್ತೇನೆ ಎಂದರೂ ಚಪ್ಪಾಳೆ ಎಂದಾದರೆ ಅದು ಎರಡನೆಯದನ್ನೇ ಆರಿಸಿಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗುತ್ತದೆ.

ಮನಸ್ಸಿಗೆ ಇನ್ನಷ್ಟು ಚುರುಕು ಮುಟ್ಟಿಸಬೇಕೆಂದು ಶಿವರಾಜ ನನ್ನನ್ನು ಭಾಲ್ಕಿಗೆ ಒಂದು ಶಿಬಿರಕ್ಕೆ ಕರೆದೊಯ್ದ. ಏಪ್ರಿಲ್ ಬಿಸಿಲು, ಕಲ್ಯಾಣ ಮಂಟಪ, ಕೋಟು ತೊಟ್ಟ ತರಬೇತುದಾರ. ಎಲ್ಲರ ಬದುಕನ್ನು ಬದಲಿಸುತ್ತೇನೆ ಎಂದು ಬಂದವನಿಗೆ ತನ್ನ ಮೈಕನ್ನು ಹಚ್ಚಿಕೊಳ್ಳಲು ಬರಲಿಲ್ಲ. ‘ನನ್ನಿಂದ ಸಾಧ್ಯ’ ಎಂದು ಮೂರು ಸಲ ಕೂಗಿಸಿದ. ಆಮೇಲೆ ಕಣ್ಣು ಮುಚ್ಚಿ, ನಿಮ್ಮ ಗುರಿ ಮುಟ್ಟಿದ ಗಳಿಗೆಯನ್ನು ಕಾಣಿರಿ ಎಂದ. ನಾನು ಕಂಡೆ. ನಾನು ಗಡಗಡ ಓದುತ್ತಿದ್ದೇನೆ, ಅವ್ವ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಓಣಿಯ ಜನ ಬಾಗಿಲಲ್ಲಿ ನಿಂತು ಮಗನೆಂದರೆ ಹೀಗಿರಬೇಕು ಎನ್ನುತ್ತಿದ್ದಾರೆ. ಎಷ್ಟು ಚೆಂದ ಕಂಡೆನೆಂದರೆ, ಕಣ್ಣು ತೆರೆದಾಗ ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ಊಟಕ್ಕೆ ಹಾಕಿದ್ದಾರೆ ಎಂದು ಯಾರೋ ಹೇಳಿದರು. ಇಡೀ ಮಂಟಪ ಎದ್ದು ಓಡಿತು. ಆ ದಿನ ಅಲ್ಲಿ ಎಲ್ಲರೂ ಮುಟ್ಟಿದ ಗುರಿ ಅದೊಂದೇ, ಅದಕ್ಕೆ ಯಾವ ತರಬೇತಿಯೂ ಬೇಕಾಗಲಿಲ್ಲ.

ಅವ್ವ ಮೊದಮೊದಲು ಬೆಳಿಗ್ಗೆ ನಾನು ಬೂಟು ಹಾಕಿಕೊಳ್ಳುವಾಗ ಕೇಳುತ್ತಿದ್ದಳು. “ಎಲ್ಲೀತನಕ ಬಂತಪ್ಪ?” “ಅರ್ಧಾ ಆಗ್ಯಾದವ್ವ” ಎನ್ನುತ್ತಿದ್ದೆ. ಮೂರು ಅಕ್ಷರವನ್ನು ಅರ್ಧ ಎನ್ನಲು ನನಗೆ ನಾಲಗೆ ತಡವರಿಸಲೇ ಇಲ್ಲ. ಮಳೆಗಾಲದ ಹೊತ್ತಿಗೆ ಆಕೆ ಕೇಳುವುದನ್ನು ಬಿಟ್ಟಳು. ನನ್ನ ಮೇಲೆ ಭರವಸೆ ಬಂದಿದೆ ಎಂದುಕೊಂಡೆ. ದಸರೆ ಬಂತು, ಹೋಯಿತು, ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗಲೂ ಆಕೆ ಕಾಗದದ ಸುದ್ದಿ ಎತ್ತಲಿಲ್ಲ. ಎಷ್ಟು ಒಳ್ಳೆಯ ತಾಯಿ ಎಂದು ನಿರಾಳವಾದೆ.

ಸಂಕ್ರಾಂತಿಯ ಮುಂದೆ ಔರಾದದ ಒಂದು ಸಂಘದವರು ‘ಗುರಿ ಮುಟ್ಟುವುದು ಹೇಗೆ’ ಎಂಬ ಉಪನ್ಯಾಸಕ್ಕೆ ನನ್ನನ್ನು ಕರೆದರು. ಶಿವರಾಜನ ಶಿಫಾರಸು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಸಿಂಹವನ್ನು ಎಬ್ಬಿಸಿದೆ, ಜನರ ಕಣ್ಣು ಮುಚ್ಚಿಸಿದೆ, ಉದಾಹರಣೆಗೆ ನನ್ನನ್ನೇ ಕೊಟ್ಟುಕೊಂಡೆ: ಐವತ್ತು ದಾಟಿದ ಮೇಲೆ, ವೃದ್ಧ ತಾಯಿಗಾಗಿ, ಹೊಸ ಲಿಪಿ! ಮುಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೆಯ ಶಾಲು ಬಿತ್ತು. ಕಾರ್ಯಕ್ರಮ ಮೂರಕ್ಕೇ ಮುಗಿದದ್ದರಿಂದ ಬಸ್ಸು ಹಿಡಿದು, ಎಷ್ಟೋ ತಿಂಗಳ ಮೇಲೆ ಸಂಜೆ ಐದಕ್ಕೆ ಸರಿಯಾಗಿ ಮನೆಗೆ ಬಂದೆ.

ಪಡಸಾಲೆಯಲ್ಲಿ ನನ್ನ ಮೊದಲನೆಯ ಸತ್ಕಾರದ ಶಾಲು ಹಾಸಿತ್ತು. ಅದರ ಮೇಲೆ ಜುಬೇದಾ ಟೀಚರ್ ಒಂದು ಕಡೆ, ಅವ್ವ ಒಂದು ಕಡೆ. ಅವ್ವನ ತೊಡೆಯ ಮೇಲೆ ನನ್ನ ಹೆಸರು ಬರೆದ ಖಾಕಿ ಹೊದಿಕೆಯ ನೋಟುಬುಕ್ಕು, ಕೈಯಲ್ಲಿ ಮೋಟು ಪೆನ್ಸಿಲು. ನಾನು ಬಾಗಿಲಲ್ಲೇ ನಿಂತೆ. ಟೀಚರ್ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, ತಪ್ಪು ಮಾಡಿದವರ ಹಾಗೆ ಹೇಳಿದರು: “ನೀವು ಬರ್ಲಿಲ್ರಿ. ಅಮ್ಮಾ ದಿನಾ ಚಾ ಕೊಡ್ತಿದ್ರು. ಮುಫತ್ ಚಾ ಹ್ಯಾಂಗ ಕುಡೀಬೇಕ್ರಿ? ಅಲಿಫ್, ಬೇ ಅಂತ ದಿನಕ್ಕ ಎರಡೆರಡು ಹರಫ್ ಹೇಳಿ ಕೊಟ್ಟೆ.” ಅವ್ವ ತಲೆ ಎತ್ತದೆ, “ಮನಿಗಿ ಬಂದವರಿಗಿ ಹಾಂಗೇ ಹ್ಯಾಂಗ ಕಳಸ್ಲಿ? ಜೋಡಿ ಕೂತ್ಕೊಂಡೆ” ಎಂದಳು. ಹೀಗೆ ಇಬ್ಬರು ಮುದುಕಿಯರು ಒಬ್ಬರ ಮರ್ಯಾದೆಗೆ ಒಬ್ಬರು ಕಟ್ಟುಬಿದ್ದು, ಯಾವ ಸಿಂಹವನ್ನೂ ಎಬ್ಬಿಸದೆ, ಒಂಬತ್ತು ತಿಂಗಳು ಕೂತಿದ್ದರು. ಕಾಗದಗಳನ್ನು ಅವ್ವ ಟೀಚರಿಗೆ ಒಮ್ಮೆಯೂ ತೋರಿಸಿಲ್ಲವಂತೆ. ಪಟವಾರಿ ಕಾಕಾ ಓದುತ್ತಿದ್ದ ಮೊದಲ ಎರಡು ಸಾಲು ಆಕೆಗೆ ಬಾಯಿಪಾಠವಿತ್ತು. ಅವನ್ನು ಹಿಡಿದು ಅಪ್ಪನ ಕೈಬರಹದ ಜಾಡು ಹತ್ತಿದಳು. ತಿಳಿಯದ ಶಬ್ದಗಳನ್ನು ಒಂದೊಂದಾಗಿ ನೋಟುಬುಕ್ಕಿನಲ್ಲಿ ಕಂಡಂತೆ ಬಿಡಿಸಿಕೊಂಡು ಬಂದು ಟೀಚರನ್ನು ಕೇಳುತ್ತಿದ್ದಳು. ಪೆನ್ಸಿಲು ಸವೆದದ್ದು ಹಾಗೆ. ಕನ್ನಡಿಯ ಮೇಲೆ ನನ್ನ ಗುರಿಯನ್ನು ಮುಚ್ಚಿದ ಮಹಾದೇವಿಗೂ ಎಲ್ಲ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಹೆಗಲ ಮೇಲಿನ ಹೊಸ ಶಾಲನ್ನು ತೆಗೆದು ಬೆನ್ನ ಹಿಂದೆ ಮುದುಡಿ ಹಿಡಿದುಕೊಂಡೆ.

“ಎಷ್ಟು ಓದಿದಿ ಅವ್ವ?” ಎಂದೆ. “ಹನ್ನೊಂದೂ ಆದವು. ಈಗ ಎರಡನೇ ಸಲ ನಡದದ.” ಹಾಗಾದರೆ ಒಂದನ್ನು ನನಗೂ ಓದಿ ಹೇಳು ಎಂದು ಎದುರಿಗೆ ಕೂತೆ. ಟೀಚರ್ ಎದ್ದು ಕಪ್ಪು ತೊಳೆಯುವ ನೆವ ಮಾಡಿ ಒಳಗೆ ಹೋದರು. ಅವ್ವ ಮಡಿಲಿನಿಂದ ಒಂದು ಹಳದಿ ಕಾಗದ ತೆಗೆದು, ಆಪರೇಷನ್ ಆದ ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು ಓದಿದಳು. “ನಾನು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮ...” ಎರಡು ಸಾಲು ಆಯಿತು. ದನಿ ಇಳಿಯಿತು. ತುಟಿ ಮಾತ್ರ ಅಲುಗುತ್ತಿತ್ತು. ಸೆರಗು ಬಾಯಿಗೆ ಹೋಯಿತು, ಹೆಗಲು ಕುಲುಕಿತು. ಅಳುತ್ತಿದ್ದಾಳೆಂದು ಗಾಬರಿಯಾಗಿ ನೋಡಿದರೆ ನಗುತ್ತಿದ್ದಳು. ಎಂಬತ್ತು ದಾಟಿದ ಮುಖದಲ್ಲಿ ಅಂಥ ನಾಚಿಕೆಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಪುಟ ತಿರುವಿದಳು, ನನ್ನ ಮುಖ ನೋಡಿದಳು, ಕೆಮ್ಮಿದಳು, ಕಾಗದ ಮಡಚಿದಳು.

“ಎಲ್ಲಾ ಆರಾಮ ಅದ ಅಂತ. ಮುಂದ ಏನಿಲ್ಲ.”

“ಅವ್ವ, ನುಂಗಬ್ಯಾಡ!” ಎಂದೆ.

“ಬೇಕಂದ್ರ ಕಲ್ತು ಓದ್ಕೋ” ಎಂದಳು. “ಪೆಟಿಗ್ಯಾಗೇ ಇರ್ತಾವ.”

ಹೌದು, ಕಲಿಯಲೇಬೇಕು. ಈಗ ಇದು ಅವ್ವನ ಆಸೆಯಲ್ಲ, ನನ್ನದೇ ಹಟ. ಆ ಹನ್ನೊಂದು ಕಾಗದದಲ್ಲಿ ನಮ್ಮಪ್ಪ ಏನು ಬರೆದಿದ್ದಾರೆ ಎಂದು ತಿಳಿಯದೆ ನಾನು ಸಾಯುವುದಿಲ್ಲ. ಹಳೆಯ ನೋಟುಬುಕ್ಕುಗಳನ್ನು ಅವ್ವ ತುಂಬಿಸಿಬಿಟ್ಟಿದ್ದರಿಂದ ಹೊಸದಾಗಿ ಆರು ತಂದು ಹೊದಿಕೆ ಹಾಕಿಟ್ಟಿದ್ದೇನೆ. ಹಿಂದಿನ ತಪ್ಪು ಮರುಕಳಿಸಬಾರದು, ಆದ್ದರಿಂದ ಈ ಸಲ ನನ್ನ ಸಂಕಲ್ಪವನ್ನು ಯಾರ ಮುಂದೆಯೂ ಹೇಳಬಾರದು ಎಂದು ಗಟ್ಟಿಯಾಗಿ ನಿಶ್ಚಯಿಸಿದ್ದೇನೆ. ಈ ನಿಶ್ಚಯವನ್ನು ಶಿವರಾಜನೊಬ್ಬನಿಗೆ ಮಾತ್ರ ತಿಳಿಸಿದೆ. ಆತನಿಗೆ ಬಹಳ ಸಂತೋಷವಾಗಿದೆ. ಬರುವ ಸೋಮವಾರ ಮೂರನೆಯ ಶಾಲು.