ತಾಮ್ರ ಯಾವ ಕಡೆ?

ತಪ್ಪು ಒಪ್ಪಿಕೊಳ್ಳುವುದು ದೊಡ್ಡ ಗುಣ ಎಂದು ನಾನು ಬಹಳ ಜನರಿಗೆ ಬುದ್ಧಿ ಹೇಳಿದ್ದೇನೆ. ಹೇಳಿದಾಗಲೆಲ್ಲ ತಪ್ಪು ಅವರದಾಗಿತ್ತು ಎನ್ನುವುದು ಬೇರೆ ಮಾತು. ಇಂಥವನಿಗೆ ಅಪ್ಪಟ ಸ್ವಂತದ್ದೊಂದು ತಪ್ಪು ಸಿಕ್ಕಿದಾಗ ಏನಾಯಿತೆಂದು ನಾಚಿಕೆ ಬಿಟ್ಟು ಹೇಳೋಣವೆಂದರೆ, ಬಿಡಲು ಅದು ಒಪ್ಪುತ್ತಿಲ್ಲ, ಇಟ್ಟುಕೊಂಡೇ ಹೇಳುತ್ತೇನೆ.

ಕಾಂದಿವಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಬ್ಯಾಟರಿಗಳಿಗೆ ಬೇಕಾದ ಪಟ್ಟಿಗಳನ್ನು ಮಾಡುತ್ತೇವೆ; ಅರ್ಧ ತಾಮ್ರ, ಅರ್ಧ ಅಲ್ಯುಮಿನಿಯಂ. ಇವೆರಡನ್ನು ಕರಗಿಸಿ ಬೆಸೆದರೆ ಕೂಡಿದ ಜಾಗ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೇ ನಮ್ಮ ಮೆಷಿನ್ ಕರಗಿಸುವುದಿಲ್ಲ. ಗಿರಗಿರ ತಿರುಗುವ ಗಟ್ಟಿ ಮೊಳೆಯೊಂದು ಎರಡರ ಸಂದಿಗೆ ಇಳಿದು, ಉಜ್ಜಿ ಬಿಸಿಮಾಡಿ, ಮೆತ್ತಗಾದ ಲೋಹಗಳನ್ನು ಕಲಸುತ್ತ ಸಾಗುತ್ತದೆ. ಕಿಡಿಯಿಲ್ಲ, ಹೊಗೆಯಿಲ್ಲ. “ಇದೆಂಥ ವೆಲ್ಡಿಂಗ್ ರೀ?” ಎಂದು ನನ್ನ ಹೆಂಡತಿಗೆ ಇನ್ನೂ ಅನುಮಾನ. ಸೂಕ್ಷ್ಮವೆಂದರೆ, ತಾಮ್ರ ಮೊಳೆಯ ಯಾವ ಪಕ್ಕಕ್ಕಿರಬೇಕು ಎನ್ನುವುದು. ಅದು ಅದಲುಬದಲಾದರೆ ಬೆಸುಗೆ ಮೇಲೆ ಚೆಂದ, ಒಳಗೆ ಟೊಳ್ಳು.

ಹೊಸ ಆರ್ಡರಿಗೆ ಡ್ರಾಯಿಂಗ್ ಬರೆದವನು ನಾನು. ಮೆಷಿನ್ ನಡೆಸುತ್ತಿದ್ದವರು ವಿಜಯಪುರದ ಕಡೆಯ ಶಾಂತಾಬಾಯಿ. ಕಾಗದ ನೋಡಿದವರೇ, “ಸರ, ತಾಮ್ರ ಈ ಕಡೆ ಇರಬೇಕಲ್ರೀ?” ಎಂದರು. “ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಮಾಡಿ” ಎಂದೆ, ನಮ್ಮ ಮೈಸೂರಿನ ಮೆತ್ತನೆ ದನಿಯಲ್ಲಿ. ಆ ದನಿಯೊಳಗೆ ಎಷ್ಟು ಅಹಂಕಾರ ಹಿಡಿಸುತ್ತದೆಂದು ಆಗ ಗೊತ್ತಿರಲಿಲ್ಲ. ಮಧ್ಯಾಹ್ನ ನಮ್ಮ ಮಾಲೀಕ ಶೇಠ್‌ಜಿ ಬಂದು ಒಂದು ಪಟ್ಟಿ ಬಗ್ಗಿಸಿದರು. ಟಕ್! ಇನ್ನೊಂದು, ಟಕ್! ಎಲ್ಲರೂ ನನ್ನನ್ನು ನೋಡಿದರು. ನಾನು ಶಾಂತಾಬಾಯಿಯನ್ನು ನೋಡಿದೆ. “ಇವರ ಕೈ ಸರಿಯಿಲ್ಲ” ಎಂದುಬಿಟ್ಟೆ. ಮರುದಿನದಿಂದ ಅವರಿಗೆ ಪ್ಯಾಕಿಂಗ್ ಕೆಲಸ.

ಅವರ ಜಾಗಕ್ಕೆ ಬಂದವರು ಪಾಟೀಲ್ ಮಾಮಾ, ನಿವೃತ್ತಿಗೆ ಹತ್ತಿರವಾದವರು. ಅವತ್ತು ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಅವರು ಮಾಡಿದ ಪಟ್ಟಿ ಎಷ್ಟು ಬಗ್ಗಿಸಿದರೂ ಮುರಿಯಲಿಲ್ಲ. “ಕ್ಯಾ ಹಾಥ್ ಹೈ!” ಎಂದು ಅವರ ಕೈಚಳಕ ಹೊಗಳಿ ಶೇಠ್‌ಜಿ ಪೇಡಾ ತರಿಸಿದರು. ನಾನೂ ಒಂದು ತಿಂದೆ. ತಿನ್ನುತ್ತಲೇ ಕಣ್ಣು ಮೆಷಿನ್ ಮೇಲಿನ ಡ್ರಾಯಿಂಗಿಗೆ ಹೋಯಿತು. ಮಾಮಾ ಅದನ್ನು ತಲೆಕೆಳಗಾಗಿ ಅಂಟಿಸಿದ್ದರು! ಹಾಗಾಗಿ ತಾಮ್ರ ಆಚೆ ಪಕ್ಕಕ್ಕೆ ಹೋಗಿತ್ತು. ಅಂದರೆ ಶಾಂತಾಬಾಯಿ ಹೇಳಿದ ಪಕ್ಕಕ್ಕೆ. ಉಳಿದ ಅರ್ಧ ಪೇಡಾ ಜೇಬಿಗೆ ಹಾಕಿಕೊಂಡೆ.

ಪ್ಯಾಕಿಂಗ್ ಕೋಣೆಗೆ ಹೋದೆ. ಅವರು ಪಟ್ಟಿಗಳಿಗೆ ಕಾಗದ ಸುತ್ತುತ್ತಿದ್ದರು. ಕ್ಷಮೆ ಕೇಳಬೇಕೆಂದೇ ಹೋದವನು, “ನಾಳೆಯಿಂದ ಮೆಷಿನ್‌ಗೇ ಬನ್ನಿ, ಎಲ್ಲ ಸರಿಹೋಗಿದೆ” ಎಂದೆ.

“ನನ್ನ ಕೈ ಸರಿ ಹೋತೇನ್ರೀ ಸರ?”

“ಇಲ್ಲ... ತಪ್ಪು ಡ್ರಾಯಿಂಗ್‌ದು. ಅಂದ್ರೆ, ನಂದು.”

“ಬೈಯೂದು ಮಂದಿ ಮುಂದ, ತಪ್ಪಾತು ಅನ್ನೂದು ಈ ಮೂಲ್ಯಾಗ ಏನ್ರೀ?” ಎಂದವರು ಮತ್ತೆ ಕಾಗದ ಸುತ್ತತೊಡಗಿದರು.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದಾಗ ಮೆಷಿನ್ ಪಕ್ಕ ನಿಂತು ಹೇಳಿದೆ. ಮೆಷಿನ್ ಓಡುವ ಹೊತ್ತನ್ನೇ ಆರಿಸಿಕೊಂಡಿದ್ದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಶಾಂತಾಬಾಯಿ ಸಾವಕಾಶ ಬಂದು ಸ್ವಿಚ್ ಆರಿಸಿದರು. ಇಡೀ ಕಾರ್ಖಾನೆ ಗಪ್ಪಾಯಿತು.

“ಈಗ ಹೇಳ್ರಿ ಸರ.”

ಹೇಳಿದೆ, ಪೂರ್ತಿ. ಶೇಠ್‌ಜಿ ಮುಖ ಆಚೆ ತಿರುಗಿಸಿದರು. ಶಾಂತಾಬಾಯಿ “ಆತ್ರೀ” ಎಂದು ಡ್ರಾಯಿಂಗ್ ಕಿತ್ತು ನನ್ನ ಕೈಗಿತ್ತು, ಮೆಷಿನ್ ಚಾಲೂ ಮಾಡಿದರು.

ಸಂಜೆ ದಹಿಸರಿನ ಮನೆಗೆ ಬಂದಾಗ ಹೆಂಡತಿ ಚಹಾ ಕೊಡುತ್ತ, “ಆ ಮುರಿಯೋ ಪಟ್ಟಿಗಳದು ಏನಾಯ್ತು ರೀ?” ಎಂದು ಕೇಳಿದಳು.

“ಡ್ರಾಯಿಂಗ್‌ನಲ್ಲಿ ಯಾರೋ ಒಂದು ತಪ್ಪು ಮಾಡಿದ್ರು,” ಎಂದೆ, “ನಾನೇ ಕಂಡುಹಿಡಿದೆ.”