ಯಾರೂ ಹಿಡಿಯದ ಕೈಗೆ ಕಂಚಿನ ಗೌರವ

ಇವರಿಗೆ,
ಸರ್ ಪೆರೆಗ್ರಿನ್ ವಾಡ್ಸ್‌ವರ್ತ್, ನಿವೃತ್ತ ನ್ಯಾಯಾಧೀಶರು,
ಅಧ್ಯಕ್ಷರು, ಬ್ಯಾರಿಸ್ಟರುಗಳ ಭೋಜನ ಸಂಘ,
ಥಾರ್ನ್‌ಬೆಕ್, ಉತ್ತರ ಇಂಗ್ಲೆಂಡ್

ವಿಷಯ: ನನ್ನ ಬಲಗೈ

ಮಾನ್ಯರೇ,

ತಮಗೂ, ತಮ್ಮ ನೋಯುವ ಮಂಡಿಗೂ, ತಮ್ಮ ಮೂಲಕ ಸಂಘದ ಸಮಸ್ತ ಸದಸ್ಯರಿಗೂ, ಅವರ ಹೊಟ್ಟೆಗಳಿಗೂ ಈ ನಿವೃತ್ತ ವಕೀಲನ ನಮಸ್ಕಾರಗಳು. ಇವನ್ನು ದೂರದಿಂದಲೇ ಸಲ್ಲಿಸುತ್ತಿರುವುದಕ್ಕೆ ತಾವು ಬೇಸರ ಮಾಡಿಕೊಳ್ಳಲಾರಿರಿ ಎಂಬ ಧೈರ್ಯ ನನಗಿದೆ. ನನ್ನನ್ನು ದೂರದಲ್ಲಿಟ್ಟು ಮಾತಾಡಿಸುವ ಅಭ್ಯಾಸ ತಮಗೆ ಇಂದು ನಿನ್ನೆಯದಲ್ಲ.

ತಮ್ಮ ಪತ್ರ ತಲುಪಿತು. ಕಾಗದ ಎಷ್ಟು ದಪ್ಪಗಿತ್ತೆಂದರೆ ಅಂಚೆಯವಳು ಅದನ್ನು ಬಾಗಿಲ ಸಂದಿಯಲ್ಲಿ ತೂರಿಸಲಾಗದೆ ಗಂಟೆ ಬಾರಿಸಿ ಕೈಗೇ ಕೊಟ್ಟುಹೋದಳು. "ಸಲಿಂಗಿಗಳ ಹಕ್ಕುಗಳಿಗಾಗಿಯೂ ಎಚ್‌ಐವಿ ತಡೆಗಾಗಿಯೂ ಮೂರೂವರೆ ದಶಕ ದಣಿವಿಲ್ಲದೆ ವಾದಿಸಿದ ನಮ್ಮ ಹೆಮ್ಮೆಯ ಸಹೋದ್ಯೋಗಿ ಲಯನೆಲ್ ಹಾಲ್ರಾಯ್ಡ್" ಎಂದು ತಾವು ಬರೆದಿದ್ದೀರಿ. ಇದರಲ್ಲಿ ಹೆಸರೊಂದೇ ಸರಿಯಾಗಿದೆ. ದಣಿವಿಲ್ಲದೆ ಎಂಬುದು ಸುಳ್ಳು, ನಾನು ವಿಪರೀತ ದಣಿದಿದ್ದೇನೆ. ಹೆಮ್ಮೆ ಎಂಬ ಮಾಲು ಇಷ್ಟು ವರ್ಷ ಸಂಘದ ಯಾವ ಉಗ್ರಾಣದಲ್ಲಿತ್ತೋ, ಅದನ್ನು ಈಗ ಹೊರತೆಗೆದು ಬಿಸಿಲಿಗೆ ಹಾಕಿದವರು ಯಾರೋ, ಅವರಿಗೆ ನನ್ನ ವಂದನೆ ತಿಳಿಸಬೇಕು.

ಅದಿರಲಿ. ಟ್ಯಾನರ್ ಓಣಿಯಲ್ಲಿರುವ ಸಂಘದ ಹಳೆಯ ಕಟ್ಟಡದ ಬಾಗಿಲಲ್ಲಿ ನನ್ನ ಬಲಗೈಯನ್ನು, ಹಸ್ತಲಾಘವಕ್ಕೆ ಚಾಚಿದ ಭಂಗಿಯಲ್ಲಿ, ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸುವುದೆಂದೂ, ಅಂದು ಪುದೀನ ಚಟ್ನಿಯೊಂದಿಗೆ ಕುರಿಮರಿಯ ಹುರಿದ ತೊಡೆಯ ಊಟವಿರುವುದೆಂದೂ, ಊಟದ ಬಳಿಕ ತಾವು ಫೋಟೋದವರ ಮುಂದೆ ನನ್ನ ಅಸಲು ಕೈಯನ್ನು ಹಿಡಿದು ಕುಲುಕುವುದಾಗಿಯೂ ತಿಳಿಸಿದ್ದೀರಿ. ಊಟದ ಬಗ್ಗೆ ನನ್ನದೇನೂ ತಕರಾರಿಲ್ಲ. ಕೈಯ ಬಗ್ಗೆ ಇದೆ, ಬಾಗಿಲಿನ ಬಗ್ಗೆ ಅದಕ್ಕಿಂತ ಹೆಚ್ಚಾಗಿ ಇದೆ.

ಬ್ಯಾರಿಸ್ಟರುಗಳು ಪರಸ್ಪರ ಕೈ ಕುಲುಕಬಾರದೆಂಬುದು ನಮ್ಮ ವೃತ್ತಿಯ ಹಳೆಯ ಪದ್ಧತಿ. ಸಭ್ಯರು ಸಭ್ಯರನ್ನು ನಂಬುತ್ತಾರೆ, ತೋಳಿನಲ್ಲಿ ಕತ್ತಿ ಬಚ್ಚಿಟ್ಟಿಲ್ಲವೆಂದು ಕೈ ಚಾಚಿ ತೋರಿಸಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯವಂತೆ. ನಮ್ಮೂರಿನಲ್ಲಿ ಮಾತ್ರ ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ನಾನು ಹೊಸದಾಗಿ ಬಂದ ಕಾಲದಲ್ಲಿ ಗೌನು ತೊಡುವ ಕೋಣೆಗೆ ಕಾಲಿಟ್ಟರೆ ಒಬ್ಬೊಬ್ಬರೂ ಬೋರ್‌ವೆಲ್ ಪಂಪು ಹೊಡೆದ ಹಾಗೆ ನನ್ನ ಕೈಯನ್ನು ಕುಲುಕುತ್ತಿದ್ದರು, ತಾವಂತೂ ಎರಡೂ ಕೈಯಲ್ಲಿ. ಆಮೇಲೆ ನಾನು ಕೀತ್ ಬ್ರಾಡ್‌ಬೆಂಟನ ಮೊಕದ್ದಮೆ ಹಿಡಿದೆ. ಕೀತ್ ಊರಿನ ಬಸ್ ಚಾಲಕ, ಟಿಕೆಟ್ಟು ಕೊಡುವವನೂ ಅವನೇ. ಅವನ ರಕ್ತದಲ್ಲಿ ಏಡ್ಸ್ ವೈರಸ್ ಇದೆಯೆಂದು ಹೇಗೋ ತಿಳಿದು ಡಿಪೋದವರು ಅವನನ್ನು ಮನೆಗೆ ಕಳಿಸಿದ್ದರು. ಸುದ್ದಿ ಪೇಪರಿನಲ್ಲಿ ಬಂದ ಬೆಳಿಗ್ಗೆ ನಾನು ಕೋಣೆಗೆ ಬಂದು ಎಂದಿನಂತೆ ಕೈ ಚಾಚಿದೆ. ತಮ್ಮ ಎರಡೂ ಕೈಗಳು ಗೌನಿನ ಹಿಂದಕ್ಕೆ ಹೋದವು. ಅಲ್ಲಿಂದಲೇ ತಾವು ಅಪ್ಪಣೆ ಕೊಡಿಸಿದಿರಿ: "ಪದ್ಧತಿ ಅಂದ್ರೆ ಪದ್ಧತಿ ಅಲ್ವೇನಯ್ಯಾ ಹಾಲ್ರಾಯ್ಡ್. ನಾವೇ ಪಾಲಿಸದಿದ್ರೆ ಇನ್ಯಾರು ಪಾಲಿಸ್ತಾರೆ?"

ಒಬ್ಬ ಬಸ್ ಚಾಲಕನ ಕಾಯಿಲೆಯಿಂದ ಒಂದು ಊರಿನ ವಕೀಲರೆಲ್ಲ ಪೂರ್ವಿಕರ ಆಚಾರಕ್ಕೆ ಮರಳಿದ ಉದಾಹರಣೆ ನ್ಯಾಯಾಂಗದ ಇತಿಹಾಸದಲ್ಲಿ ಬೇರೆಲ್ಲೂ ಇರಲಾರದು. ಸೋಜಿಗವೆಂದರೆ ಆ ಪದ್ಧತಿ ನನ್ನ ಒಂದು ಕೈಗೆ ಮಾತ್ರ ಅನ್ವಯಿಸುತ್ತಿತ್ತು, ಉಳಿದವರ ಪಂಪುಗಳು ಮೊದಲಿನಂತೆಯೇ ನಡೆಯುತ್ತಿದ್ದವು. ಸಂಘದ ಊಟದಲ್ಲಿ ಪದ್ಧತಿಯಂತೆ ಕೈಯಿಂದ ಕೈಗೆ ಎಡಕ್ಕೇ ಸಾಗಬೇಕಾದ ಪೋರ್ಟ್ ವೈನಿನ ಗಾಜಿನ ಹೂಜಿ ಕೂಡ ನನ್ನ ಕುರ್ಚಿ ಬಂದಾಗ ಬೆನ್ನ ಹಿಂದಿನಿಂದ ಸುತ್ತಿಕೊಂಡು ಹೋಗಲು ಕಲಿತಿತ್ತು. ಗಾಜಿನ ವಸ್ತುವಿಗೆ ಅಷ್ಟು ತಿಳುವಳಿಕೆ ಬರಬೇಕಾದರೆ ಮೇಜಿನ ಸುತ್ತ ಎಂಥ ಗುರುಗಳಿದ್ದಿರಬೇಕು.

ಆ ಮೊಕದ್ದಮೆಯಲ್ಲಿ ಬಸ್ ಕಂಪನಿಯ ಪರ ನಿಂತಿದ್ದವರು ತಾವೇ. ಕೀತ್ ಪ್ರಮಾಣ ಮಾಡಲು ಬೈಬಲ್ ಹಿಡಿದಿದ್ದನ್ನು ಕಂಡು ತಾವು ಎದ್ದುನಿಂತು, ಮುಂದಿನ ಸಾಕ್ಷಿಗಳ ಆರೋಗ್ಯದ ದೃಷ್ಟಿಯಿಂದ ಆ ಪುಸ್ತಕವನ್ನು ಶುದ್ಧಿಗೊಳಿಸಬೇಕೆಂದು ಅತ್ಯಂತ ವಿನಯದಿಂದ ಕೋರಿದಿರಿ. ನ್ಯಾಯಮಂಡಳಿಯವರು ಜವಾನನಿಗೆ ಸನ್ನೆ ಮಾಡಿದರು. ಜವಾನ ರಬ್ಬರ್ ಗವಸು ತೊಟ್ಟು, ನೆಲ ತೊಳೆಯುವ ಫಿನಾಯಿಲಿನಲ್ಲಿ ಬಟ್ಟೆ ಅದ್ದಿ, ಪವಿತ್ರ ಗ್ರಂಥವನ್ನು ಬೆನ್ನು ಹೊಟ್ಟೆ ಎನ್ನದೆ ಉಜ್ಜಿದ. ಕೀತ್ ಕಟಕಟೆಯಲ್ಲಿ ನಿಂತು ಇದನ್ನೆಲ್ಲ ನೋಡಿದವನು ನನ್ನ ಕಡೆ ಬಗ್ಗಿ, "ಇಷ್ಟು ವರ್ಷ ದಿನಾ ಊರವರ ಕೈಗೆಲ್ಲ ಟಿಕೆಟ್ಟು ಚಿಲ್ಲರೆ ಕೊಟ್ಟಿದೀನಿ ಸಾರ್. ಈಗ ಊರನ್ನೇ ಒರೆಸ್ತಾರಾ?" ಎಂದ. ಮುಂದಿನ ಸಾಕ್ಷಿ ತಮ್ಮ ಡಿಪೋ ಮ್ಯಾನೇಜರು. ಆತ ಆ ಪುಸ್ತಕವನ್ನು ಎದೆಗವಚಿಕೊಂಡು ಪ್ರಮಾಣ ಮಾಡಿದ್ದೇ ತಡ, ಘಾಟಿಗೆ ಕಣ್ಣಲ್ಲಿ ನೀರು ಧಾರಾಕಾರ. ಕೀತನನ್ನು ಕೆಲಸದಿಂದ ತೆಗೆದ ಸಂಗತಿಯನ್ನು ಆತ ಬಿಕ್ಕುತ್ತ, ಮೂಗೊರೆಸಿಕೊಳ್ಳುತ್ತ ಹೇಳಿದ ಪರಿಗೆ ಮಂಡಳಿಯವರ ಮನಸ್ಸು ಕರಗಿ, ಇಷ್ಟು ಪಶ್ಚಾತ್ತಾಪಪಡುವವನು ತಪ್ಪು ಮಾಡಿರಲೇಬೇಕೆಂದು ನಮ್ಮ ಕಡೆ ತೀರ್ಪಾಯಿತು. ನನ್ನ ಮೊದಲ ಗೆಲುವಿನಲ್ಲಿ ಅರ್ಧ ತಮ್ಮದು. ಕಂಚಿನ ಕೈಯ ಪಕ್ಕದಲ್ಲಿ ಕಂಚಿನ ಫಿನಾಯಿಲ್ ಬಾಟಲಿಯೊಂದನ್ನೂ ಇಡಿಸಬೇಕೆಂದು ಈ ಮೂಲಕ ಕೋರುತ್ತೇನೆ.

ಕೀತನಿಗೆ ಕೆಲಸ ಮರಳಿ ಸಿಕ್ಕಿತು, ಕೆಲಸಕ್ಕೆ ಕೀತ್ ಮರಳಿ ಸಿಗಲಿಲ್ಲ. ಮುಂದಿನ ವಸಂತದಲ್ಲಿ ಅವನನ್ನು ಮಣ್ಣು ಮಾಡಿದಾಗ ಅವನ ತಾಯಿ ಸಮಾಧಿಯ ಬಳಿ ನನ್ನ ಕೈ ಹಿಡಿದುಕೊಂಡರು. ಪಾದ್ರಿಯ ಪ್ರಾರ್ಥನೆ ಮುಗಿದರೂ ಬಿಡಲಿಲ್ಲ. ಆ ವರ್ಷ ಆ ಕೈಯನ್ನು ಹಿಡಿದವರು ಅವರೊಬ್ಬರೇ. ಶಿಲ್ಪಿಗೆ ಚರಿತ್ರೆ ಬೇಕಿದ್ದರೆ ಇಷ್ಟನ್ನು ಬರೆದುಕೊಳ್ಳಲಿ.

ಉಳಿದದ್ದನ್ನು ಹೇಳಿ ತಮ್ಮ ಸಮಯ ಹಾಳುಮಾಡಲಾರೆ. ಸಾರ್ವಜನಿಕ ಮೂತ್ರಾಲಯಗಳಲ್ಲಿ ಸುಂದರಾಂಗರ ವೇಷದಲ್ಲಿ ನಿಂತು ಗಂಡಸರನ್ನು ಕಣ್ಣು ಹೊಡೆದು ಕರೆದು, ಆಮೇಲೆ ಬೇಡಿ ಹಾಕುತ್ತಿದ್ದ ಪೊಲೀಸರನ್ನು ನಾನು ಪಾಟೀಸವಾಲು ಮಾಡಿದಾಗಲೆಲ್ಲ ಅಷ್ಟರಲ್ಲಿ ನ್ಯಾಯಾಧೀಶರಾಗಿದ್ದ ತಾವು ನ್ಯಾಯಪೀಠದಲ್ಲಿ ಕೂತು ಚಾವಣಿಯ ಚಿತ್ತಾರ ಎಣಿಸುತ್ತಿದ್ದಿರಿ. ಸಲಿಂಗ ಪ್ರೇಮವನ್ನು ಸರಿಯೆಂದು ತೋರಿಸುವ ಯಾವುದನ್ನೂ ಪುರಸಭೆಗಳು ಪ್ರಕಟಿಸಬಾರದೆಂಬ ಕಾನೂನು ಬಂದಾಗ, ನಮ್ಮ ಪುರಸಭೆಯವರು ಭಯಬಿದ್ದು, ಎಚ್‌ಐವಿ ತಡೆಯ ಕರಪತ್ರದಿಂದ ಮೊದಲು ಗಂಡಸರನ್ನೂ, ಆಮೇಲೆ ಹಾಸಿಗೆಯನ್ನೂ, ಕೊನೆಗೆ ಕಾಂಡೋಮನ್ನೂ ಕಿತ್ತುಹಾಕಿ ಹಂಚಿದ್ದು ತಮಗೆ ನೆನಪಿರಬಹುದು. ಮುಂಜಾಗ್ರತೆ ವಹಿಸಿ, ಮುಚ್ಚಿ ಸುರಕ್ಷಿತವಾಗಿಡಿ ಎಂಬಿಷ್ಟೇ ಉಳಿದಿದ್ದರಿಂದ, ಅದನ್ನು ಓದಿದ ನಮ್ಮ ಬೀದಿಯ ಮುದುಕರೊಬ್ಬರು ಚಳಿಗೆ ನೀರು ಹೆಪ್ಪುಗಟ್ಟೀತೆಂದು ಹಿತ್ತಿಲ ಕೊಳಾಯಿಗೆ ಗೋಣಿ ಸುತ್ತಿದರು. ಆ ಕರಪತ್ರದ ಮೇಲೆ ನಾನು ಹೂಡಿದ ದಾವೆ ಎಷ್ಟು ವರ್ಷ ನಡೆಯಿತೋ ಅಷ್ಟೂ ವರ್ಷ ಊರಿನ ಕೊಳಾಯಿಗಳು ಆರೋಗ್ಯವಾಗಿದ್ದವು. ಹುಡುಗರ ಬಗ್ಗೆ ಹಾಗೆ ಹೇಳುವಂತಿಲ್ಲ.

ಈಗ ಬಾಗಿಲಿನ ವಿಚಾರ.

ಕೈಯನ್ನು ನಿಲ್ಲಿಸಲು ತಾವು ಆರಿಸಿರುವ ಆ ಬಾಗಿಲಿನ ಒಳಗೆ, ಕಟ್ಟಡದ ನೆಲಮಾಳಿಗೆಯಲ್ಲಿ, ಒಂದು ಕ್ಲಿನಿಕ್ ಇದೆ. ಚರಂಡಿ ವಾಸನೆಯ ದೆಸೆಯಿಂದ ಯಾರೂ ಬಾಡಿಗೆಗೆ ಕೇಳದ ಆ ಜಾಗವನ್ನು ಬಹಳ ಹಿಂದೆ ಸಂಘದಿಂದ ಗುತ್ತಿಗೆಗೆ ಪಡೆದು ನಡೆಸಿಕೊಂಡು ಬಂದವರು ನರ್ಸ್ ಡಾರ್ಕಸ್ ಕ್ಯಾಂಪ್‌ಬೆಲ್. ಬಂದವರ ಬೆರಳಿಗೆ ಸೂಜಿ ಚುಚ್ಚಿ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ, ಕಾಂಡೋಮ್ ಕೊಡುತ್ತಾರೆ, ಈಚೆಗೆ ಸೋಂಕನ್ನೇ ತಡೆಯುವ ಮಾತ್ರೆ ಕೊಡುತ್ತಾರೆ, ಎಲ್ಲರಿಗೂ ಬೈಗುಳ ಕೊಡುತ್ತಾರೆ. ಆ ಬಾಗಿಲಿನ ಪಕ್ಕದಲ್ಲೇ ಮೀನು ಮತ್ತು ಆಲೂಗೆಡ್ಡೆ ಕರಿಯುವ ಅಂಗಡಿ. ಊರಿನ ಯಾವ ಹುಡುಗನೂ ಆ ಓಣಿಯಲ್ಲಿ ಯಾಕೆ ನಿಂತಿದ್ದೀಯೆಂದು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಚಿಪ್ಸಿನ ಸಾಲಿನಲ್ಲಿ ನಿಲ್ಲುತ್ತಾನೆ, ಪೊಟ್ಟಣ ಕೊಳ್ಳುತ್ತಾನೆ, ಅತ್ತ ಇತ್ತ ನೋಡಿ ಪಕ್ಕದ ಬಾಗಿಲಲ್ಲಿ ನುಸುಳುತ್ತಾನೆ. ಹೆದರಿ ತಣ್ಣಗಾದ ಬೆರಳಿನಿಂದ ರಕ್ತ ಸುಲಭಕ್ಕೆ ಬರುವುದಿಲ್ಲವಂತೆ. ಬಿಸಿ ಪೊಟ್ಟಣ ಹಿಡಿದುಬಂದವನದು ತಟ್ಟನೆ ಬರುತ್ತದೆ. ಪೊಟ್ಟಣವಿಲ್ಲದೆ ಬಂದವನ ಕೈಯನ್ನು ಡಾರ್ಕಸ್ ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, "ನಿಮ್ಮಮ್ಮ ನಿನ್ನನ್ನ ಫ್ರಿಜ್ಜಲ್ಲಿ ಬೆಳೆಸಿದಳೇನೋ ಮಗಾ?" ಎಂದು ಬೈಯುತ್ತ ಬೆಚ್ಚಗಾಗುವವರೆಗೂ ಕೂರುತ್ತಾರೆ. ಅವರಿಗೆ ಕೈ ಕುಲುಕುವ ಪದ್ಧತಿಯ ಬಗ್ಗೆ ಯಾರೂ ತಿಳಿಸಿಲ್ಲವೆಂದು ಕಾಣುತ್ತದೆ.

ಬರುವ ಸೆಪ್ಟೆಂಬರ್ ಕೊನೆಯ ಮೈಕೆಲ್ಮಸ್ ಹಬ್ಬಕ್ಕೆ ಈ ಗುತ್ತಿಗೆಯನ್ನು ಮುಗಿಸಿ, ಕ್ಲಿನಿಕ್ಕನ್ನು ಹೊರವರ್ತುಲ ರಸ್ತೆಯ ದೊಡ್ಡ ಆಸ್ಪತ್ರೆಗೆ ಸಾಗಹಾಕಿ, ಆ ಜಾಗದಲ್ಲಿ ನನ್ನ ಹೆಸರಿನ ವಸ್ತುಸಂಗ್ರಹಾಲಯ ತೆರೆಯುವುದಾಗಿ ತಮ್ಮ ಪತ್ರದ ಎರಡನೆಯ ಪುಟ ಹೇಳುತ್ತದೆ. ಎಚ್‌ಐವಿ ವಿರುದ್ಧ ನಮ್ಮೂರು ನಡೆಸಿದ ಹೋರಾಟವನ್ನು ಅಲ್ಲಿ ಪ್ರದರ್ಶನಕ್ಕಿಡುತ್ತೀರಿ. ಅದಕ್ಕಾಗಿ ಆ ಹೋರಾಟವನ್ನು ಮೊದಲು ಖಾಲಿ ಮಾಡಿಸುತ್ತೀರಿ. ಇಷ್ಟು ಅಚ್ಚುಕಟ್ಟಾದ ಯೋಚನೆ ಸಾಮಾನ್ಯ ಬುದ್ಧಿಗೆ ಹೊಳೆಯುವುದಲ್ಲ, ಅದಕ್ಕೊಂದು ಸಮಿತಿಯೇ ಬೇಕು. ಪತ್ರದ ಜೊತೆಗಿಟ್ಟ ನಕ್ಷೆಯಲ್ಲಿ ನಾನು ಕೋರ್ಟಿನಲ್ಲಿ ತೊಡುತ್ತಿದ್ದ ಕುದುರೆಕೂದಲಿನ ವಿಗ್ಗಿಗೆ ಗಾಜಿನ ಪೆಟ್ಟಿಗೆ ಇದೆ, ಮೂಲೆಯಲ್ಲಿ ಮೇಣದ ದಾದಿಯೊಬ್ಬಳಿದ್ದಾಳೆ, ಡಾರ್ಕಸ್ ಚಹಾ ಕಾಯಿಸುವ ಸೊಟ್ಟ ಕೆಟಲಿಗೂ ಪುಟ್ಟದೊಂದು ಪೀಠವಿದೆ. ನಕ್ಷೆಯನ್ನು ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ನನ್ನ ಕೆಟಲಿಗೆ ಜಾಗ ಇದೆ. ನನಗಿಲ್ಲ, ನೋಡಿ ಮಿಸ್ಟರ್ ಹಾಲ್ರಾಯ್ಡ್," ಎಂದರು. ಆಮೇಲೆ ಹೊರಗೆ ಚಿಪ್ಸಿನ ಸಾಲಿನಲ್ಲಿ ನಿಂತಿದ್ದ ಒಬ್ಬನನ್ನು ಓಣಿಯ ಮಟ್ಟದ ಕಿಟಕಿಯಿಂದ ತೋರಿಸಿ, "ಇವನು ಮೂರು ದಿನದಿಂದ ಚಿಪ್ಸ್ ತಿಂತಾನೇ ಇದಾನೆ, ಒಳಗೆ ಬರೋಕೆ ಧೈರ್ಯ ಸಾಲ್ತಿಲ್ಲ. ಎರಡು ಬಸ್ ಹತ್ತಿ ಆಸ್ಪತ್ರೆಗೆ ಹೋಗ್ತಾನೆ ಅಂತೀರಾ?" ಎಂದು ಕೇಳಿದರು.

ಆ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದವನು ಎಲ್ಲಿಗೆ ಹೊರಟನೆಂದು ಇಡೀ ಬಸ್ಸಿಗೆ ಗೊತ್ತಾಗುತ್ತದೆ, ಒಳಗೆ ಹೋದರೆ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾರೆ. ಆದ್ದರಿಂದ ಸಮಿತಿಯ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತಿದ್ದೇನೆ. ಮೇಣದ ದಾದಿಗೆ ಬೆರಳಿಗೆ ಸೂಜಿ ಚುಚ್ಚುವ ತರಬೇತಿ ಕೊಡಿಸಬೇಕು, ಬೈಯುವುದನ್ನೂ ಕಲಿಸಿದರೆ ಉತ್ತಮ. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆಯಿರುವುದರಿಂದ ಅಂದು ಯಾರಿಗೂ ಅಂಟದಂತೆ ವೈರಸ್ಸಿಗೆ ಸಂಘದ ಮೊಹರಿನ ನೋಟೀಸು ಜಾರಿಮಾಡಬೇಕು. ಮೀನಿನಂಗಡಿಯನ್ನು ಅದರ ಎಣ್ಣೆ, ಬಾಣಲೆ, ಸಾಲು ಸಮೇತ ಎತ್ತಿ ಆಸ್ಪತ್ರೆಯ ಬಾಗಿಲಿಗೆ ತಂದಿಡಬೇಕು. ಇವಾವುವೂ ಆಗದಿದ್ದರೆ, ಧೈರ್ಯ ಸಾಲದೆ ಮೂರು ದಿನದಿಂದ ಚಿಪ್ಸ್ ತಿನ್ನುತ್ತಿರುವ ಆ ಹುಡುಗನನ್ನು ಈಗಲೇ ಗಾಜಿನ ಪೆಟ್ಟಿಗೆಗೆ ಹಾಕಿಬಿಡಬೇಕು. ಹೇಗೂ ಕೆಲವು ವರ್ಷಗಳ ಮೇಲೆ ತಾವು ಅವನ ಬಗ್ಗೆ ಹೆಮ್ಮೆಪಡುವುದು ಇದ್ದೇ ಇದೆ.

ಇನ್ನು ಕಾನೂನಿನ ಮಾತು. ನನ್ನ ಹೆಸರನ್ನೂ ಕೈಯನ್ನೂ ಬಳಸಲು ನನ್ನ ಸಹಿಯ ಒಪ್ಪಿಗೆ ಬೇಕೆಂದು ವಸ್ತುಸಂಗ್ರಹಾಲಯಕ್ಕೆ ಹಣ ಕೊಡುವ ದಾನಿಗಳು ಶರತ್ತು ಹಾಕಿರುವುದನ್ನು ತಾವೇ ತಿಳಿಸಿದ್ದೀರಿ. ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಹೆಸರಿಲ್ಲದೆ ದಾನಿಗಳಿಲ್ಲ, ದಾನಿಗಳಿಲ್ಲದೆ ಮೇಣವಿಲ್ಲ. ವೈರಸ್ಸು ತನ್ನ ಗುತ್ತಿಗೆಯನ್ನು ಎಷ್ಟು ಕಾಲ ನವೀಕರಿಸಿಕೊಳ್ಳುತ್ತದೋ ಅಷ್ಟು ಕಾಲ ಡಾರ್ಕಸ್ ಅವರ ಗುತ್ತಿಗೆಯನ್ನೂ ನವೀಕರಿಸುತ್ತೇವೆಂದು ಸಂಘ ಬರೆದುಕೊಟ್ಟ ದಿನ ನನ್ನ ಸಹಿ ಸಿಗುತ್ತದೆ, ಬಾಗಿಲ ಹೊರಗೆ ಕಂಚಿನ ಕೈ ನಿಲ್ಲಿಸಲೂಬಹುದು. ಊಟಕ್ಕೂ ಬರುತ್ತೇನೆ, ಪೋರ್ಟ್ ಹೂಜಿ ಯಾವ ದಾರಿ ಹಿಡಿಯುತ್ತದೆಂದು ನೋಡುವ ಆಸೆಯಿದೆ.

ಆದರೆ ಫೋಟೋದವರ ಮುಂದೆ ತಮ್ಮ ಕೈ ಕುಲುಕಲು ಮಾತ್ರ ನನ್ನಿಂದಾಗದು. ಪದ್ಧತಿ ಎಂದರೆ ಪದ್ಧತಿ. ನಾವೇ ಪಾಲಿಸದಿದ್ದರೆ ಇನ್ಯಾರು ಪಾಲಿಸುತ್ತಾರೆ? ಅದರ ಬದಲಿಗೆ ತಾವು ಫೋಟೋದವರನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿದು, ಎಲ್ಲರ ಎದುರಿಗೆ ಬೆರಳು ಚಾಚಿ, ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೋರುತ್ತೇನೆ. ಮರುದಿನ ಪೇಪರಿನಲ್ಲಿ ಆ ಚಿತ್ರ ಬಂದರೆ, ಹೊರಗೆ ಸಾಲಿನಲ್ಲಿ ನಿಂತವನು ಪೊಟ್ಟಣ ಮಡಚಿ ಒಳಗೆ ಬಂದಾನು. ನ್ಯಾಯಾಧೀಶರ ಬೆರಳಿನಲ್ಲಿ ರಕ್ತ ಬರುವುದು ಸ್ವಲ್ಪ ತಡವಾಗಬಹುದು, ಅದಕ್ಕೆ ಸಂಕೋಚ ಬೇಡ. ಡಾರ್ಕಸ್ ಕೈ ಹಿಡಿದುಕೊಳ್ಳುತ್ತಾರೆ.

ದೂರದಿಂದಲೇ, ತಮ್ಮ ವಿಶ್ವಾಸಿ,
ಲಯನೆಲ್ ಹಾಲ್ರಾಯ್ಡ್

ಮರೆತ ಮಾತು: ಶಿಲ್ಪಿ ಕಳೆದ ವಾರವೇ ಬಂದು ಅಚ್ಚು ತೆಗೆದುಕೊಂಡರು. ಪ್ಲಾಸ್ಟರು ಗಟ್ಟಿಯಾಗುವವರೆಗೂ ಕೈಯನ್ನು ಹಾಗೇ ಚಾಚಿಕೊಂಡು, ಯಾರೂ ಹಿಡಿಯದಂತೆ, ಅಲುಗಾಡದೆ ಕೂರಬೇಕೆಂದರು. ಇಷ್ಟು ಚೆನ್ನಾಗಿ ಕೂತವರನ್ನು ಕಂಡಿಲ್ಲವೆಂದು ಹೊಗಳಿದರು, ಅಭ್ಯಾಸದ ಕಾರಣವನ್ನು ನಾನು ಹೇಳಲಿಲ್ಲ. ನನ್ನ ಸಹಿ ಆಗುವವರೆಗೆ ಇರಲೆಂದು ಅವರು ನನ್ನಲ್ಲೇ ಬಿಟ್ಟುಹೋದ ಆ ಪ್ಲಾಸ್ಟರಿನ ಕೈ ಸದ್ಯಕ್ಕೆ ಡಾರ್ಕಸ್ ಅವರ ಬಾಗಿಲೊಳಗೆ ಗೋಡೆಯಲ್ಲಿದೆ, ಹೆಬ್ಬೆರಳಿಗೆ ಕಾಂಡೋಮುಗಳ ಬುಟ್ಟಿ ತೂಗುಹಾಕಿದ್ದಾರೆ. ಸಂಘದ ಸದಸ್ಯರು ಬಂದು ಧಾರಾಳವಾಗಿ ತೆಗೆದುಕೊಳ್ಳಬಹುದು, ಕುಲುಕಬೇಕಾಗಿಲ್ಲ. ನೆಲಮಾಳಿಗೆಗೆ ದಾರಿ ಎಲ್ಲೆಂದು ತಾವು ಪತ್ರದಲ್ಲಿ ಕೇಳಿದ್ದೀರಿ. ತಮ್ಮ ಊಟದ ಮೇಜಿನಲ್ಲೇ ವಿಚಾರಿಸಿ ನೋಡಿ, ಗೊತ್ತಿದ್ದವರು ಇರಬಹುದು. ಯಾರೆಂದು ನನಗೆ ತಿಳಿಯದು. ಡಾರ್ಕಸ್ ಇಂದಿನವರೆಗೂ ಅಲ್ಲಿಗೆ ಬಂದುಹೋದ ಯಾರ ಹೆಸರನ್ನೂ ಬಾಯಿಬಿಟ್ಟು ಹೇಳಿಲ್ಲ. ಅದೂ ಒಂದು ಪದ್ಧತಿಯೇ, ಅವರು ಮಾತ್ರ ಅದನ್ನು ಎಲ್ಲರಿಗೂ ಒಂದೇ ಸಮ ಪಾಲಿಸುತ್ತಾರೆ.