ಕಾರಣ ಸಮೇತ

ಎಲ್ಲಕ್ಕೂ ಮೂಲ ಊಟದ ಚೀಲ. ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಅಂದು ನಾಲ್ಕು ಅಂತಸ್ತಿನ ಕ್ಯಾರಿಯರ್ ತುಂಬಿ, ಮೇಲೊಂದು ನೀರಿನ ಬಾಟಲಿಯನ್ನೂ ತುರುಕಿದ್ದಳು. ಎಂಟು ಗಂಟೆಯ ರೈಲುಗಾಡಿಯಲ್ಲೋ ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಒಂದು ಕೈಗೆ ಕೊಡೆ, ಒಂದು ಕೈಗೆ ಚೀಲ. ಆಸರೆ ಹಿಡಿದುಕೊಳ್ಳಲು ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ. ಯಾರದೋ ಹೆಗಲ ಮೇಲಿಂದ ತಡಕಾಡಿದಾಗ ಕಿಟಕಿಯ ಮೇಲೆ ಎಂಥದೋ ಹಿಡಿ ಸಿಕ್ಕಿತು. ಚೀಲವನ್ನು ಅಲ್ಲಿಗೆ ತಗುಲಿಹಾಕಿ ಉಸಿರು ಬಿಟ್ಟರು.

ಸ್ವಲ್ಪ ದೂರ ಹೋದ ಗಾಡಿ ಬಟ್ಟಬಯಲಲ್ಲಿ ನಿಂತೇಬಿಟ್ಟಿತು.

"ಯಾವನೋ ಚೈನ್ ಎಳ್ದಿದಾನೆ!" ಎಂದರು ಪಕ್ಕದ ಪೆನ್ಷನ್ ಯಜಮಾನರು. ರೈಲಿನ ಕಾನೂನನ್ನೆಲ್ಲ ಅರೆದು ಕುಡಿದವರು ಅವರು.

ಮೇಷ್ಟ್ರ ಮೈಯೆಲ್ಲ ಉರಿಯಿತು. ಉರಿಯದೆ ಇನ್ನೇನು? ನಾಲ್ಕು ವರ್ಷ ಕಾದ ಮೇಲೆ ಮನೆ ಪಕ್ಕದ ಶಾಲೆಗೆ ವರ್ಗವಾಗುವ ಯೋಗ ಬಂದಿತ್ತು. "ಇನ್ನೊಂದೇ ಒಂದು ದಿನ ತಡವಾಗಿ ಬಂದ್ರೆ ನಿಮ್ಮ ಅರ್ಜಿಗೆ ಸಹಿ ಹಾಕಲ್ಲ" ಎಂದು ಹೆಡ್‌ಮಿಸ್ಸು ನಿನ್ನೆಯಷ್ಟೇ ಹೇಳಿದ್ದರು.

"ಇಂಥೋರನ್ನ ಕಂಬಕ್ಕೆ ಕಟ್ಟಬೇಕು ಸಾರ್! ಒಬ್ಬನ ಸೊಕ್ಕಿಗೆ ಇಷ್ಟು ಜನ ಬೇಯಬೇಕಾ?"

"ಸ್ಟೇಷನ್ ಮಾಸ್ಟರ್ ಹತ್ರ ಗಾಡಿ ತಡ ಅಂತ ಚೀಟಿ ಬರೆಸ್ಕೊಳ್ಳಿ. ಕಾರಣ ಸಮೇತ ಬರೆಸಿ, ಇಲ್ದಿದ್ರೆ ಯಾರೂ ನಂಬಲ್ಲ" ಎಂದು ಯಜಮಾನರು ಬೆಂಕಿಗೆ ತುಪ್ಪ ಸುರಿದರು.

ಗಾರ್ಡು ಹೊರಗಿನಿಂದಲೇ ಹೇಗೋ ಬ್ರೇಕು ಸಡಿಲಿಸಿದ ಮೇಲೆ, ಇಪ್ಪತ್ತೈದು ನಿಮಿಷ ತಡವಾಗಿ ಗಾಡಿ ಮೇಷ್ಟ್ರು ಇಳಿಯುವ ಪುಟ್ಟ ಸ್ಟೇಷನ್ ಮುಟ್ಟಿ, ಗೂಡ್ಸ್ ಗಾಡಿಗೆ ದಾರಿ ಬಿಡಲು ನಿಂತಿತು. ಮೇಷ್ಟ್ರು ಕೊಡೆಯನ್ನು ಕತ್ತಿಯಂತೆ ಹಿಡಿದು ಧುಮುಕಿದರು. ಹಿಂದೆಯೇ ಯಜಮಾನರೂ ಇಳಿದರು. ಅವರು ಇಳಿಯಬೇಕಾದದ್ದು ಇನ್ನೂ ಎರಡು ಸ್ಟೇಷನ್ ಆಚೆ.

ಸ್ಟೇಷನ್ ಮಾಸ್ಟರು ಆಗಲೇ ರಿಜಿಸ್ಟರಿನಲ್ಲಿ 'ಸರಿಯಾದ ಸಮಯ' ಎಂದು ಬರೆದು ಮುಗಿಸಿದ್ದರು.

"ಇದು ಹಗಲು ದರೋಡೆ!" ಮೇಷ್ಟ್ರು ಮೇಜು ಗುದ್ದಿದರು. "ಗೋಡೆ ಗಡಿಯಾರ ನೋಡ್ರೀ!"

"ಅದು ನಿಂತು ಎರಡು ವರ್ಷ ಆಯ್ತು ಮೇಷ್ಟ್ರೇ. ಈಗೇನು, ಇಪ್ಪತ್ತೈದು ನಿಮಿಷ ತಡ ಅಂತ ತಾನೇ? ಬರ್ಕೊಡ್ತೀನಿ, ತಗೊಂಡು ಹೋಗಿ."

"ಕಾರಣ?" ಎಂದರು ಯಜಮಾನರು.

"ಹೌದು, ಕಾರಣ ಸಮೇತ ಬರೀರಿ! ವಿಚಾರಣೆ ಆಗ್ಲಿ! ಆ ಅಯೋಗ್ಯ ಸಿಗೋವರೆಗೂ ನಾನಿಲ್ಲಿಂದ ಕದಲಲ್ಲ!"

ಸ್ಟೇಷನ್ ಮಾಸ್ಟರು ನಿಟ್ಟುಸಿರಿಟ್ಟು, ಬೋಗಿಗಳನ್ನು ತಪಾಸಣೆ ಮಾಡುವಂತೆ ಗಾರ್ಡಿಗೆ ಹೇಳಿಕಳಿಸಿದರು. ಆಗ ಮೇಷ್ಟ್ರಿಗೆ ತಮ್ಮ ಒಂದು ಕೈ ಬರಿದಾಗಿರುವುದು ಗೊತ್ತಾಯಿತು.

"ಅಯ್ಯೋ, ನನ್ನ ಊಟದ ಚೀಲ!"

"ನೋಡಿದ್ರಾ? ಚೈನ್ ಎಳೆಯೋದೇ ಕದ್ದು ಇಳಿಯೋಕೆ" ಎಂದರು ಯಜಮಾನರು.

"ಅದಕ್ಕೂ ದೂರು ಬರ್ಕೊಳ್ಳಿ!"

"ಚೀಲ ಹೇಗಿತ್ತು?" ಸ್ಟೇಷನ್ ಮಾಸ್ಟರು ಹಾಳೆ ಮುಂದಿಟ್ಟರು.

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಗೇಟಿನ ಬೋರ್ಡಿಗೆ ಬಣ್ಣ ಹೊಡೆಯುವುದು ಬಿಟ್ಟರೆ ಮೇಷ್ಟ್ರಿಂದ ಯಾರೂ ಏನನ್ನೂ ಬರೆಸಿರಲಿಲ್ಲ. ಸಿಟ್ಟನ್ನೆಲ್ಲ ಪೆನ್ಸಿಲಿನ ತುದಿಗೆ ತಂದು ಚೀಲದ ಚಿತ್ರವನ್ನೇ ಬಿಡಿಸಿದರು. ಚೌಕಳಿ ಬಟ್ಟೆ, ತಂತಿ ಸುತ್ತಿದ ಹಿಡಿ, ಮೂಲೆಯ ತೇಪೆ, ತೇಪೆಯ ಒಂದೊಂದು ಹೊಲಿಗೆ. ಕೆಳಗೆ ದಪ್ಪ ಅಕ್ಷರದಲ್ಲಿ ತಮ್ಮ ಹೆಸರು, ಶಾಲೆ, ಸಹಿ.

ತಲೆ ಎತ್ತಿದರೆ ಬಾಗಿಲಲ್ಲಿ ಗಾರ್ಡು ನಿಂತಿದ್ದರು. ಕೈಯಲ್ಲಿ ಚೌಕಳಿ ಚೀಲ, ತಂತಿಯ ಹಿಡಿ, ಮೂಲೆಯಲ್ಲಿ ತೇಪೆ.

"ಅದೇ! ಅದೇ ನನ್ನ ಚೀಲ! ಕಳ್ಳ ಸಿಕ್ಕಿದ್ನಾ?"

"ಚೈನಿನ ಹಿಡಿಗೆ ನೇತಾಡ್ತಿತ್ತು" ಎಂದರು ಗಾರ್ಡು. "ಕಳ್ಳ ಈಗ ಸಿಕ್ಕಿದ."

"ಕಂಬ ಹೊರಗಡೆ ಇದೆ" ಎಂದಷ್ಟೇ ಹೇಳಿ ಯಜಮಾನರು ಓಡಿಹೋಗಿ ಗಾಡಿ ಹತ್ತಿಕೊಂಡರು.

"ಚೀಟಿ... ಬೇಡ ಬಿಡಿ" ಎಂದರು ಮೇಷ್ಟ್ರು.

"ಹಾಗಂದ್ರೆ ಹೇಗೆ? ವಿಚಾರಣೆ ಬೇಕು ಅಂದೋರು ನೀವೇ. ಕಾರಣ, ಚಿತ್ರ, ಎಲ್ಲಾ ಸೇರಿಸಿ ನಿಮ್ಮ ಶಾಲೆಗೇ ಕಳಿಸ್ತೀನಿ."

ತಪ್ಪೊಪ್ಪಿಗೆ ಬರೆದುಕೊಟ್ಟು ಮೇಷ್ಟ್ರು ಶಾಲೆ ಸೇರುವಷ್ಟರಲ್ಲಿ ಸ್ಟೇಷನ್ನಿನ ಪೋರ್ಟರು ಸೈಕಲ್ಲಿನಲ್ಲಿ ಬಂದು ಆ ಹಾಳೆ ಕೊಟ್ಟು ಹೋಗಿದ್ದ. ಹೆಡ್‌ಮಿಸ್ಸು ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೇಷ್ಟ್ರು ತಲೆ ತಗ್ಗಿಸಿ ನಿಂತರು.

"ಎಂಥಾ ಚಿತ್ರ ಮೇಷ್ಟ್ರೇ! ಹೊಲಿಗೆ ಕೂಡ ಎಣಿಸಬಹುದು. ಇಷ್ಟು ವರ್ಷ ಈ ಕೈಯನ್ನ ಎಲ್ಲಿ ಬಚ್ಚಿಟ್ಟಿದ್ರಿ? ನಿಮ್ಮನ್ನ ಬೇರೆ ಶಾಲೆಗೆ ಬಿಟ್ಟುಕೊಡೋದುಂಟಾ?"

ಹೆಡ್‌ಮಿಸ್ಸು ವರ್ಗಾವಣೆಯ ಅರ್ಜಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಗೋಡೆಗಳೆಲ್ಲ ಖಾಲಿ ಇವೆ. ನಾಳೆಯಿಂದ ಒಂದು ಗಂಟೆ ಮುಂಚೆ ಬಂದು ಶುರುಮಾಡಿ. ಏಳು ಗಂಟೆ ಗಾಡಿ ಇದೆ. ಚೀಲ ಮಾತ್ರ ತೊಡೆ ಮೇಲೆ ಇಟ್ಕೊಳ್ಳಿ."